ಪಾವತಿ ವಿಧಾನ ನಾಲ್ಕಾದಾಗ ಫ್ಯಾಕ್ಟರಿ ಎಲ್ಲಿರಬೇಕು?

ಪ್ರಶ್ನೆ: ನಾನು ಬೆಂಗಳೂರಿನ ಸಣ್ಣ ಸಂಸ್ಥೆಯೊಂದರಲ್ಲಿ ವೆಬ್ ಪ್ರೋಗ್ರಾಮರ್. ಚಿಕ್ಕಪೇಟೆಯ ಸೀರೆ ವ್ಯಾಪಾರಿಗಳಿಗಾಗಿ ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯನ್ನು ನಡೆಸುವ ನೋಡ್ ಜೆಎಸ್ ಬಳಸಿ ಮಾರಾಟದ ಜಾಲತಾಣ ಕಟ್ಟುತ್ತಿದ್ದೇವೆ. ಯುಪಿಐ, ಕಾರ್ಡ್, ನೆಟ್ ಬ್ಯಾಂಕಿಂಗ್ ಮತ್ತು ಮನೆ ಬಾಗಿಲಲ್ಲಿ ನಗದು ಎಂಬ ನಾಲ್ಕು ಪಾವತಿ ವಿಧಾನಗಳಿವೆ. ಹಣ ಪಡೆಯುವಲ್ಲಿ, ಮರುಪಾವತಿಯಲ್ಲಿ, ರಸೀದಿ ತಯಾರಿಸುವಲ್ಲಿ ಹೀಗೆ ಮೂರು ಕಡೆ ಒಂದೇ ಬಗೆಯ ಸ್ವಿಚ್ (ಮೌಲ್ಯಕ್ಕೆ ತಕ್ಕಂತೆ ಕವಲೊಡೆಯುವ ಕೋಡ್) ಬರೆದಿದ್ದೇನೆ. ಆಬ್ಜೆಕ್ಟ್‌ಗಳನ್ನು ತಯಾರಿಸುವ ಕೆಲಸವನ್ನು ಒಂದೇ ಕಡೆ ಇಡುವ ‘ಫ್ಯಾಕ್ಟರಿ ಪ್ಯಾಟರ್ನ್’ ಎಂಬ ವಿನ್ಯಾಸ ಮಾದರಿಯನ್ನು ಬಳಸುವಂತೆ ಹಿರಿಯ ಸಹೋದ್ಯೋಗಿ ಹೇಳಿದರು. ಆ ಸ್ವಿಚ್ಚನ್ನೇ ಫ್ಯಾಕ್ಟರಿ ಎಂಬ ಹೆಸರಿನ ಕ್ಲಾಸ್‌ನೊಳಗೆ (ಆಬ್ಜೆಕ್ಟ್‌ಗಳ ಅಚ್ಚಿನೊಳಗೆ) ಇಟ್ಟರೆ ಸಾಕೇ? ಕಾಲೇಜಿನಲ್ಲಿ ಜಾವಾದ ಜೊತೆ ಕಲಿತ ಈ ಮಾದರಿ ಜಾವಾಸ್ಕ್ರಿಪ್ಟ್‌ಗೂ ಬೇಕೇ? ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು?

ಉತ್ತರ: ಸ್ವಿಚ್ಚನ್ನು ಒಂದೇ ಕಡೆಗೆ ತರುವುದು ಸರಿಯಾದ ಮೊದಲ ಹೆಜ್ಜೆ. ಅಲ್ಲಿಗೇ ನಿಂತರೆ ಕೆಲಸ ಅರ್ಧವಾಗಿರುತ್ತದೆ. ಉಳಿದರ್ಧ ಏನೆಂಬುದು ತಿಳಿಯಬೇಕಾದರೆ ಫ್ಯಾಕ್ಟರಿ ವೆಬ್ ಪ್ರೋಗ್ರಾಮಿಂಗ್‌ನಲ್ಲಿ ಇಷ್ಟು ಸಹಜವಾಗಿ ಹೊಂದಿಕೊಳ್ಳುವುದಕ್ಕೆ ಕಾರಣವನ್ನು ಮೊದಲು ನೋಡಬೇಕು.

ವೆಬ್‌ನಲ್ಲಿ ಹೊರಗಿನಿಂದ ಒಳಬರುವುದು ಬಹುಮಟ್ಟಿಗೆ ಬರಹದ ರೂಪದಲ್ಲಿರುತ್ತದೆ. ಗ್ರಾಹಕರು ಯುಪಿಐ ಗುಂಡಿಯನ್ನು ಒತ್ತಿದಾಗ ನಿಮ್ಮ ಸರ್ವರ್‌ಗೆ ತಲುಪುವುದು ಒಂದು ಪುಟ್ಟ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ಮಾತ್ರ. ಮೂರು ವಾರದ ನಂತರ ಆ ಸೀರೆ ವಾಪಸಾದಾಗ ಡೇಟಾಬೇಸ್‌ನಿಂದ ಎದ್ದು ಬರುವುದೂ ಅದೇ ಸ್ಟ್ರಿಂಗ್. ಆದರೆ ಕೆಲಸ ಮಾಡಬೇಕಾದದ್ದು ನಡವಳಿಕೆಯುಳ್ಳ ಆಬ್ಜೆಕ್ಟ್: ಹಣ ಪಡೆಯಬಲ್ಲದ್ದು, ಹಿಂದಿರುಗಿಸಬಲ್ಲದ್ದು, ರಸೀದಿಯ ಸಾಲನ್ನು ಬರೆದುಕೊಡಬಲ್ಲದ್ದು. ಬರಹವು ಆಬ್ಜೆಕ್ಟ್ ಆಗುವ ಗಡಿ ಪ್ರತಿ ವೆಬ್ ಅಪ್ಲಿಕೇಶನ್‌ನಲ್ಲೂ ಎಲ್ಲಾದರೂ ಇದ್ದೇ ಇರುತ್ತದೆ. ಆ ಗಡಿಯನ್ನು ಒಂದೇ ಕಡೆ ಇಟ್ಟು, ಅದನ್ನು ದಾಟಿದ ಮೇಲೆ ಯಾರೂ ಆ ಸ್ಟ್ರಿಂಗ್ ಕಡೆಗೆ ಹಿಂದಿರುಗಿ ನೋಡದಂತೆ ಮಾಡುವುದೇ ಫ್ಯಾಕ್ಟರಿಯ ಕೆಲಸ ಎಂದು ನಾನು ತಿಳಿಯುತ್ತೇನೆ. ನಿಮ್ಮ ಮೂರು ಸ್ವಿಚ್‌ಗಳು ಹೇಳುತ್ತಿರುವುದೂ ಇದನ್ನೇ. ಗಡಿ ಮೂರು ಕಡೆ ಹರಡಿಕೊಂಡಿದೆ.

ನೀವು ಈಗಾಗಲೇ ದಿನವೂ ಇಂಥ ಗಡಿಯೊಂದನ್ನು ಬಳಸುತ್ತಿದ್ದೀರಿ. ಬ್ರೌಸರ್‌ನಲ್ಲಿ ಡಾಕ್ಯುಮೆಂಟ್‌ನ ಕ್ರಿಯೇಟ್‌ಎಲಿಮೆಂಟ್ ಮೆಥಡ್‌ಗೆ (ಮೆಥಡ್ ಎಂದರೆ ಆಬ್ಜೆಕ್ಟ್ ಮಾಡಬಲ್ಲ ಒಂದು ಕೆಲಸ) ಟ್ಯಾಗ್‌ನ ಹೆಸರನ್ನು ಕೊಟ್ಟರೆ ಆ ಹೆಸರಿಗೆ ತಕ್ಕ ಕ್ಲಾಸ್‌ನ ಆಬ್ಜೆಕ್ಟ್ ಸಿಗುತ್ತದೆ. ‘ಡಿವ್’ಗೆ ಒಂದು ಕ್ಲಾಸ್, ಕೊಂಡಿಯ ‘ಎ’ಗೆ ಇನ್ನೊಂದು. ಡಿವ್‌ನ ಕ್ಲಾಸ್‌ಗೆ ನೇರವಾಗಿ ಹೊಸ ಆಬ್ಜೆಕ್ಟ್ ಹುಟ್ಟಿಸುವ ‘ನ್ಯೂ’ ಪದ ಹಾಕಿ ನೋಡಿದರೆ ಬ್ರೌಸರ್ ಒಪ್ಪದೆ ದೋಷವನ್ನು ಎಸೆಯುತ್ತದೆ. ಪರಿಚಯವಿಲ್ಲದ ಟ್ಯಾಗ್ ಕೊಟ್ಟಾಗ ಮಾತ್ರ ಅದು ದೋಷ ಎಸೆಯದೆ, ‘ಅಪರಿಚಿತ ಎಲಿಮೆಂಟ್’ ಎಂಬುದಕ್ಕಾಗಿಯೇ ಇರುವ ಕ್ಲಾಸ್‌ನ ಆಬ್ಜೆಕ್ಟನ್ನು ಕೊಡುತ್ತದೆ. ಪುಟವೊಂದನ್ನು ಹೇಗಾದರೂ ತೋರಿಸಲೇಬೇಕಾದ ಬ್ರೌಸರ್‌ಗೆ ಅದು ತಕ್ಕ ನಿರ್ಧಾರ. ಹಣದ ವಿಷಯದಲ್ಲಿ ಅಂಥ ಉದಾರತೆ ಸಲ್ಲದು. ಗೊತ್ತಿಲ್ಲದ ಪಾವತಿ ವಿಧಾನ ಬಂದರೆ ನಿಮ್ಮ ಫ್ಯಾಕ್ಟರಿ ಅಲ್ಲೇ ನಿಲ್ಲಬೇಕು.

ಇನ್ನು ಉಳಿದರ್ಧದ ಮಾತು. ಫ್ಯಾಕ್ಟರಿ ಕೊಡುವ ಆಬ್ಜೆಕ್ಟ್‌ಗಳೆಲ್ಲ ಒಂದೇ ಒಪ್ಪಂದಕ್ಕೆ, ಅಂದರೆ ಒಂದೇ ಬಗೆಯ ಮೆಥಡ್‌ಗಳಿಗೆ ಮತ್ತು ಉತ್ತರಗಳಿಗೆ, ಬದ್ಧವಾಗಿರಬೇಕು. ಆಬ್ಜೆಕ್ಟ್ ಕೈಗೆ ಬಂದ ಮೇಲೂ ‘ಇದು ನಗದಿನದ್ದೇ?’ ಎಂದು ಕೇಳಬೇಕಾಗಿ ಬಂದರೆ ಸ್ವಿಚ್ ಹೋಗಿಲ್ಲ, ವೇಷ ಬದಲಿಸಿಕೊಂಡಿದೆ ಅಷ್ಟೆ. ಆದ್ದರಿಂದ ಫ್ಯಾಕ್ಟರಿಗಿಂತ ಮೊದಲು ಒಪ್ಪಂದದ ಬಗ್ಗೆ ಯೋಚಿಸಿ, ಮತ್ತು ಅತ್ಯಂತ ತೊಡಕಿನ ಸದಸ್ಯನಿಂದಲೇ ಆರಂಭಿಸಿ. ನಿಮ್ಮಲ್ಲಿ ಆ ತೊಡಕಿನ ಸದಸ್ಯ ನಗದು. ಯುಪಿಐ, ಕಾರ್ಡ್, ನೆಟ್ ಬ್ಯಾಂಕಿಂಗ್ ಮೂರರಲ್ಲೂ ಹಣ ಬಂದ ದಾರಿಯಲ್ಲೇ ಹಿಂದಿರುಗಬಹುದು. ಗೇಟ್‌ವೇ (ಹಣದ ವರ್ಗಾವಣೆ ನಡೆಸಿಕೊಡುವ ಸೇವೆ) ಕೊಟ್ಟ ಪಾವತಿ ಸಂಖ್ಯೆಯೊಂದಿದ್ದರೆ ಮರುಪಾವತಿಗೆ ಸಾಕು. ನಗದಿಗೆ ಅಂಥ ದಾರಿಯೇ ಇಲ್ಲ. ಗ್ರಾಹಕರ ಬ್ಯಾಂಕ್ ಖಾತೆಯನ್ನೋ ಯುಪಿಐ ವಿಳಾಸವನ್ನೋ ಕೇಳಿ ಪಡೆಯಬೇಕಾಗುತ್ತದೆ.

ಮರುಪಾವತಿಯ ಮೆಥಡ್ ‘ಆಯಿತು’ ಅಥವಾ ‘ಆಗಲಿಲ್ಲ’ ಎಂದು ಮಾತ್ರ ಹೇಳುವುದಾದರೆ ನಗದಿನ ಕ್ಲಾಸ್ ಅದರೊಳಗೆ ಹಿಡಿಯುವುದಿಲ್ಲ. ಆಗ ಬರೆಯುವವರು ನಗದಿಗಾಗಿ ಹೊರಗೊಂದು ‘ಇಫ್’ ಸೇರಿಸುತ್ತಾರೆ. ಇದಕ್ಕೆ ಬದಲು ಆ ಮೆಥಡ್ ಮೂರು ಸ್ಥಿತಿಗಳಲ್ಲಿ ಒಂದನ್ನು ಹಿಂದಿರುಗಿಸಲಿ: ಮುಗಿದಿದೆ, ಪ್ರಕ್ರಿಯೆಯಲ್ಲಿದೆ, ಗ್ರಾಹಕರಿಂದ ಮಾಹಿತಿ ಬೇಕಾಗಿದೆ. ಗೇಟ್‌ವೇಗಳ ಮರುಪಾವತಿ ಹಲವು ಬಾರಿ ತಕ್ಷಣ ಮುಗಿಯುವುದಿಲ್ಲವಾದ್ದರಿಂದ ಎರಡನೆಯ ಸ್ಥಿತಿ ಹೇಗಿದ್ದರೂ ಬೇಕು. ಮೂರನೆಯದು ನಗದಿನ ಅಗತ್ಯದಿಂದ ಬಂದದ್ದಾದರೂ, ನಾಳೆ ಯಾರದೋ ಕಾರ್ಡ್ ಖಾತೆ ಮುಚ್ಚಿಹೋಗಿ ಹಣ ವಾಪಸು ಬಂದಾಗ ಕಾರ್ಡ್‌ನ ಕ್ಲಾಸ್‌ಗೂ ಅದೇ ಉತ್ತರ ಬೇಕಾಗುತ್ತದೆ. ತೊಡಕಿನ ಸದಸ್ಯನಿಗೆ ಸರಿಹೊಂದುವಂತೆ ರೂಪಿಸಿದ ಒಪ್ಪಂದ ಉಳಿದವರಿಗೂ ಒಳಿತನ್ನೇ ಮಾಡುತ್ತದೆಂಬುದು ನನ್ನ ದೃಢ ನಂಬಿಕೆ.

ಒಪ್ಪಂದ ಸರಿಯಾಗಿದ್ದರೆ ಹೊರಗಿನ ಬದಲಾವಣೆಗಳನ್ನು ಒಂದು ಕ್ಲಾಸ್ ತಾನೇ ತಾಳಿಕೊಳ್ಳುತ್ತದೆ. ವ್ಯಾಪಾರಿಗಳು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ತಮ್ಮಲ್ಲಿ ಉಳಿಸಿಕೊಳ್ಳುವಂತಿಲ್ಲ ಎಂಬ ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮ 2022ರ ಅಕ್ಟೋಬರ್ 1ರಿಂದ ಜಾರಿಗೆ ಬಂದಾಗ, ಉಳಿಸಿದ ಕಾರ್ಡ್‌ಗಳ ಜಾಗಕ್ಕೆ ಟೋಕನ್‌ಗಳು (ಕಾರ್ಡ್ ಸಂಖ್ಯೆಗೆ ಬದಲಾಗಿ ನಿಲ್ಲುವ ಸಂಕೇತಗಳು) ಬಂದವು. ಲೆಕ್ಕ ಹೊಂದಿಸಿ ನೋಡಲು ಕೊನೆಯ ನಾಲ್ಕು ಅಂಕಿಗಳಂಥ ಸೀಮಿತ ಮಾಹಿತಿಗಷ್ಟೇ ಅವಕಾಶ ಉಳಿಯಿತು. ಹಣ ಪಡೆಯುವ ಭಾಗಕ್ಕೂ ರಸೀದಿಗೂ ಸಂಬಂಧಿಸಿದ ಇಂಥ ನಿಯಮವನ್ನು ಹರಡಿದ ಸ್ವಿಚ್‌ಗಳಲ್ಲಿ ಹುಡುಕಿ ಹುಡುಕಿ ತಿದ್ದಬೇಕಾಗುತ್ತದೆ. ಕಾರ್ಡ್‌ಗೆಂದೇ ಒಂದು ಕ್ಲಾಸ್ ಇದ್ದರೆ ಅದೊಂದನ್ನು ತಿದ್ದಿದರೆ ಸಾಕು. ಉಳಿದ ಕೋಡ್‌ಗೆ ಕಾರ್ಡ್ ಎಂಬುದು ಇದೆ ಎಂಬ ಸಂಗತಿಯೂ ತಿಳಿದಿರಬೇಕಾಗಿಲ್ಲ.

ಜಾವಾದಲ್ಲಿ ಕಲಿತದ್ದು ಜಾವಾಸ್ಕ್ರಿಪ್ಟ್‌ಗೆ ಬೇಕೇ ಎಂಬ ನಿಮ್ಮ ಸಂದೇಹಕ್ಕೆ ಆಧಾರವಿದೆ. ಈ ಮಾದರಿಗಳನ್ನು ಪ್ರಸಿದ್ಧಗೊಳಿಸಿದ್ದು ಎರಿಕ್ ಗಾಮಾ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್ ಮತ್ತು ಜಾನ್ ವ್ಲಿಸಿಡಿಸ್ ಎಂಬ ನಾಲ್ವರು 1994ರಲ್ಲಿ ಹೊರತಂದ ಗ್ರಂಥ. ಅದರಲ್ಲಿರುವ 23 ಮಾದರಿಗಳಲ್ಲಿ ‘ಫ್ಯಾಕ್ಟರಿ ಮೆಥಡ್’ ಮತ್ತು ‘ಅಬ್‌ಸ್ಟ್ರಾಕ್ಟ್ ಫ್ಯಾಕ್ಟರಿ’ ಎಂಬ ಎರಡು ಇವೆ. ನಿಮ್ಮ ಸಹೋದ್ಯೋಗಿ ಹೇಳಿದ್ದು ಬಹುಶಃ ಇವೆರಡನ್ನೂ ಅಲ್ಲ. ‘ಸಿಂಪಲ್ ಫ್ಯಾಕ್ಟರಿ’ ಎಂದು ಕರೆಯಲಾಗುವ, ಹೆಸರು ಕೊಟ್ಟರೆ ಆಬ್ಜೆಕ್ಟ್ ಕೊಡುವ ಒಂಟಿ ಫಂಕ್ಷನ್ನನ್ನು. ಅದು ಆ 23ರ ಪಟ್ಟಿಯಲ್ಲಿ ಇಲ್ಲ, ಆದರೆ ವೆಬ್‌ನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಅದೇ. ಗ್ರಂಥದ ಉದಾಹರಣೆಗಳು ಸಿ++ ಮತ್ತು ಸ್ಮಾಲ್‌ಟಾಕ್ ಭಾಷೆಗಳವು. ಡೈನಮಿಕ್ ಭಾಷೆಗಳಲ್ಲಿ (ಹೆಚ್ಚಿನದನ್ನು ಕೋಡ್ ಓಡುವಾಗಲೇ ನಿರ್ಧರಿಸುವ, ಜಾವಾಸ್ಕ್ರಿಪ್ಟ್‌ನಂಥ ಭಾಷೆಗಳಲ್ಲಿ) ಆ 23ರಲ್ಲಿ 16 ಮಾದರಿಗಳು ಸರಳವಾಗುತ್ತವೆ ಅಥವಾ ಕಾಣದಂತಾಗುತ್ತವೆ ಎಂದು ಕಂಪ್ಯೂಟರ್ ವಿಜ್ಞಾನಿ ಪೀಟರ್ ನಾರ್ವಿಗ್ 1996ರಲ್ಲೇ ತೋರಿಸಿದ್ದರು. ಫ್ಯಾಕ್ಟರಿಯ ಎರಡೂ ಬಗೆಗಳು ಆ 16ರಲ್ಲಿ ಸೇರಿವೆ. ಕಾರಣ ಸರಳವಾದದ್ದು. ಜಾವಾಸ್ಕ್ರಿಪ್ಟ್‌ನಲ್ಲಿ ಕ್ಲಾಸ್ ಕೂಡ ಒಂದು ಮೌಲ್ಯ. ಅದನ್ನು ವೇರಿಯಬಲ್‌ನಲ್ಲಿ ಇಡಬಹುದು, ಫಂಕ್ಷನ್‌ಗೆ ಕೊಡಬಹುದು, ಮ್ಯಾಪ್‌ನಲ್ಲಿ (ಕೀಲಿ ಮತ್ತು ಮೌಲ್ಯಗಳ ಪಟ್ಟಿಯಲ್ಲಿ) ಜೋಡಿಸಬಹುದು. ಹೀಗಾಗಿ ಫ್ಯಾಕ್ಟರಿಗೆಂದು ಕ್ಲಾಸ್‌ಗಳ ಏಣಿಯನ್ನು ಕಟ್ಟಬೇಕಾಗಿಲ್ಲ. ಪಾವತಿ ವಿಧಾನದ ಹೆಸರನ್ನು ಕೀಲಿಯಾಗಿಯೂ ಆಬ್ಜೆಕ್ಟ್ ತಯಾರಿಸುವ ಪುಟ್ಟ ಫಂಕ್ಷನ್ನನ್ನು ಮೌಲ್ಯವಾಗಿಯೂ ಇಟ್ಟ ಒಂದು ಮ್ಯಾಪ್, ಅದರಿಂದ ಹುಡುಕಿ ಕೊಡುವ ಒಂದು ಫಂಕ್ಷನ್, ಇಷ್ಟೇ ನಿಮಗೆ ಬೇಕಾದದ್ದು. ಮಾದರಿಯ ಆಶಯ ಉಳಿಯುತ್ತದೆ, ಸಲಕರಣೆ ಕಡಿಮೆಯಾಗುತ್ತದೆ. ನಮ್ಮ ಊರಿನಲ್ಲಿ ಸಂದರ್ಶನಗಳಿಗಾಗಿ ವೃತ್ತ, ಚೌಕಗಳ ಉದಾಹರಣೆಯಲ್ಲಿ ಈ ಮಾದರಿಯನ್ನು ಬಾಯಿಪಾಠ ಮಾಡುವ ಎಷ್ಟೋ ಮಂದಿಗೆ ಇದೇ ಸಂಗತಿ ನಿಜವಾದ ಕೋಡ್‌ನಲ್ಲಿ ಎದುರಾದಾಗ ಗುರುತು ಸಿಗುವುದಿಲ್ಲ ಎಂಬುದು ನನಗೆ ಬೇಸರದ ವಿಷಯ.

ಮ್ಯಾಪ್ ಎಂದಾಗ ನಿಜವಾದ ಮ್ಯಾಪ್ ಅನ್ನೇ ಬಳಸಿ. 2015ರ ಜಾವಾಸ್ಕ್ರಿಪ್ಟ್ ಆವೃತ್ತಿಯಿಂದ ಅದು ಭಾಷೆಯಲ್ಲೇ ಇದೆ. ಹಲವರು ಇದರ ಬದಲು ಸಾದಾ ಆಬ್ಜೆಕ್ಟ್ ಒಂದನ್ನು ಪಟ್ಟಿಯಂತೆ ಬಳಸುತ್ತಾರೆ, ಮತ್ತು ಅದರಲ್ಲೊಂದು ಅಪಾಯವಿದೆ. ಸಾದಾ ಆಬ್ಜೆಕ್ಟ್ ತನ್ನ ಪ್ರೋಟೋಟೈಪ್‌ನಿಂದ, ಅಂದರೆ ಮೂಲ ಮಾದರಿಯ ಆಬ್ಜೆಕ್ಟ್‌ನಿಂದ, ಕೆಲವು ಹೆಸರುಗಳನ್ನು ಪಡೆದಿರುತ್ತದೆ. ಯಾರಾದರೂ ಪಾವತಿ ವಿಧಾನದ ಜಾಗದಲ್ಲಿ ‘ಕನ್‌ಸ್ಟ್ರಕ್ಟರ್’ ಎಂಬ ಪದವನ್ನು ಕಳುಹಿಸಿದರೆ, ನೀವು ಪಟ್ಟಿಗೆ ಸೇರಿಸದಿದ್ದರೂ ಅಲ್ಲಿ ಒಂದು ಫಂಕ್ಷನ್ ಸಿಕ್ಕಿಬಿಡುತ್ತದೆ, ನಿಮ್ಮ ‘ಇದೆಯೇ?’ ಎಂಬ ಪರೀಕ್ಷೆ ದಾಟಿಹೋಗುತ್ತದೆ. ಮ್ಯಾಪ್‌ನಲ್ಲಿ ನೀವು ಸೇರಿಸಿದ್ದು ಮಾತ್ರ ಸಿಗುತ್ತದೆ. ಇತರ ಭಾಷೆಗಳಲ್ಲಿ ಇದರ ಇನ್ನೂ ಕೆಟ್ಟ ರೂಪಗಳಿವೆ: ಪಿಎಚ್‌ಪಿಯಲ್ಲಿ ರಿಕ್ವೆಸ್ಟ್‌ನಿಂದ ಬಂದ ಸ್ಟ್ರಿಂಗ್‌ಗೆ ನೇರವಾಗಿ ‘ನ್ಯೂ’ ಹಾಕುವುದು, ಜಾವಾದಲ್ಲಿ ಅದೇ ಸ್ಟ್ರಿಂಗ್‌ನಿಂದ ಕ್ಲಾಸ್ ಅನ್ನು ಹುಡುಕಿ ತರುವುದು. ಯಾವ ಕ್ಲಾಸ್ ಹುಟ್ಟಬೇಕೆಂಬ ಆಯ್ಕೆಯನ್ನು ಅಪರಿಚಿತರ ಕೈಗೆ ಕೊಟ್ಟಂತಾಗುವುದರಿಂದ ಇದನ್ನು ಯಾವ ಕಾರಣಕ್ಕೂ ಮಾಡಬಾರದು. ಗಡಿಯಲ್ಲಿ ನಿಂತ ಫ್ಯಾಕ್ಟರಿ ತನ್ನ ಪಟ್ಟಿಯಲ್ಲಿರುವವರನ್ನು ಮಾತ್ರ ಒಳಬಿಡಬೇಕು.

ಪಟ್ಟಿಯಲ್ಲಿಲ್ಲದ ಹೆಸರು ಬಂದಾಗ ‘ನಲ್’ (ಏನೂ ಇಲ್ಲ ಎಂಬ ಮೌಲ್ಯ) ಹಿಂದಿರುಗಿಸಬೇಡಿ. ಆ ನಲ್ ಹತ್ತು ಸಾಲು ಕೆಳಗೆ ಹೋಗಿ ಕಾರಣವೇ ತಿಳಿಯದ ದೋಷವಾಗಿ ಸಿಡಿಯುತ್ತದೆ. ‘ಅಪರಿಚಿತ ಪಾವತಿ ವಿಧಾನ’ ಎಂಬ ನಿಮ್ಮದೇ ದೋಷವನ್ನು ಎಸೆಯಿರಿ. ಆದರೆ ಅದಕ್ಕೆ ಎಚ್‌ಟಿಟಿಪಿ ಸಂಖ್ಯೆ (ಸರ್ವರ್ ಉತ್ತರದ ಜೊತೆ ಕಳುಹಿಸುವ ಫಲಿತಾಂಶದ ಸಂಕೇತ) ಯಾವುದೆಂದು ಫ್ಯಾಕ್ಟರಿ ನಿರ್ಧರಿಸಬಾರದು. ಅದೇ ಅಪರಿಚಿತ ಹೆಸರು ಬ್ರೌಸರ್‌ನಿಂದ ಬಂದಿದ್ದರೆ ಕಳುಹಿಸಿದವರ ತಪ್ಪು, ಉತ್ತರ 400. ನಿಮ್ಮ ಡೇಟಾಬೇಸ್‌ನಿಂದ ಬಂದಿದ್ದರೆ ನಿಮ್ಮದೇ ತಪ್ಪು, ಉತ್ತರ 500, ಜೊತೆಗೆ ಯಾರನ್ನಾದರೂ ಎಚ್ಚರಿಸಬೇಕಾದ ಲಾಗ್. ಈ ವ್ಯತ್ಯಾಸ ಕರೆದವರಿಗೆ ಮಾತ್ರ ಗೊತ್ತಿರುತ್ತದೆ.

ಡೇಟಾಬೇಸ್‌ನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ: ಅಲ್ಲಿ ಕ್ಲಾಸ್‌ನ ಹೆಸರನ್ನು ಉಳಿಸಬೇಡಿ, ವ್ಯವಹಾರದ ಹೆಸರನ್ನು ಉಳಿಸಿ. ಕ್ಲಾಸ್‌ನ ಹೆಸರು ಇವತ್ತು ಒಂದು, ಮುಂದಿನ ವರ್ಷ ಇನ್ನೊಂದು. ಹಳೆಯ ಸಾಲುಗಳು ಮಾತ್ರ ಹಾಗೇ ಇರುತ್ತವೆ. ಪಿಎಚ್‌ಪಿಯ ಫ್ರೇಮ್‌ವರ್ಕ್ (ಜಾಲತಾಣ ಕಟ್ಟಲು ಇರುವ ಸಿದ್ಧ ಚೌಕಟ್ಟು) ಆದ ಲಾರವೆಲ್‌ನ ಪಾಲಿಮಾರ್ಫಿಕ್ ಸಂಬಂಧಗಳು (ಒಂದು ಸಾಲು ಹಲವು ಬಗೆಯ ಆಬ್ಜೆಕ್ಟ್‌ಗಳಿಗೆ ಸೇರಬಲ್ಲ ಸಂಬಂಧಗಳು) ತಾವಾಗಿಯೇ ಕ್ಲಾಸ್‌ನ ಪೂರ್ಣ ಹೆಸರನ್ನು ಉಳಿಸುತ್ತವೆ, ಅದನ್ನು ತಪ್ಪಿಸಿ ಚಿಕ್ಕ ಹೆಸರುಗಳನ್ನು ಹೊಂದಿಸಲೆಂದೇ ಅದರಲ್ಲಿ ‘ಮಾರ್ಫ್ ಮ್ಯಾಪ್’ ಎಂಬ ಸೌಲಭ್ಯವಿದೆ.

ಫ್ಯಾಕ್ಟರಿಯ ಬಗ್ಗೆ ಕಡಿಮೆ ಚರ್ಚೆಯಾಗುವ, ಆದರೆ ಸರ್ವರ್‌ನಲ್ಲಿ ಬಹಳ ಮುಖ್ಯವಾದ ವಿಷಯ ಆಯುಷ್ಯದ್ದು. ‘ಕೊಡು’ ಎಂದಾಗ ಹೊಸದನ್ನು ಮಾಡಿ ಕೊಡಬೇಕೇ, ಇದ್ದದ್ದನ್ನೇ ಹಂಚಬೇಕೇ ಎಂಬ ನಿರ್ಧಾರ ಫ್ಯಾಕ್ಟರಿಗೆ ಸೇರಿದ್ದು, ಮತ್ತು ‘ನ್ಯೂ’ ಎಂಬ ಪದಕ್ಕೆ ಈ ಸ್ವಾತಂತ್ರ್ಯವಿಲ್ಲ. ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವೇದಿಕೆಯಲ್ಲಿ ಬೇರೆ ಸರ್ವರ್‌ಗಳೊಡನೆ ಮಾತಾಡುವ ಎಚ್‌ಟಿಟಿಪಿ ಕ್ಲೈಂಟ್‌ನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಪ್ರತಿ ರಿಕ್ವೆಸ್ಟ್‌ಗೂ ಹೊಸ ಕ್ಲೈಂಟ್ ತೆರೆದು ಮುಚ್ಚುತ್ತಾ ಹೋದರೆ, ಮುಚ್ಚಿದ ಸಂಪರ್ಕಗಳು ಆಪರೇಟಿಂಗ್ ಸಿಸ್ಟಮ್‌ನಲ್ಲಿ ಸ್ವಲ್ಪ ಹೊತ್ತು ಕಾಯುತ್ತಾ ಉಳಿದು, ದಟ್ಟಣೆಯ ಹೊತ್ತಿನಲ್ಲಿ ಹೊಸ ಸಂಪರ್ಕಕ್ಕೆ ಬೇಕಾದ ಪೋರ್ಟ್‌ಗಳೇ ಮುಗಿದುಹೋಗುತ್ತಿದ್ದವು. ಇದಕ್ಕೆ ಹೆದರಿ ಒಂದೇ ಕ್ಲೈಂಟನ್ನು ಕೊನೆಯವರೆಗೂ ಇಟ್ಟುಕೊಂಡರೆ, ಎದುರಿನ ಸರ್ವರ್‌ನ ವಿಳಾಸ ಬದಲಾದದ್ದು ಅದಕ್ಕೆ ತಿಳಿಯುತ್ತಿರಲಿಲ್ಲ. 2018ರ ಎಎಸ್‌ಪಿ ಡಾಟ್‌ನೆಟ್ ಕೋರ್ 2.1ರಲ್ಲಿ ಬಂದ ಎಚ್‌ಟಿಟಿಪಿ ಕ್ಲೈಂಟ್ ಫ್ಯಾಕ್ಟರಿ ಇದನ್ನು ಬಗೆಹರಿಸಿತು: ಕೇಳಿದಾಗಲೆಲ್ಲ ಹಗುರವಾದ ಹೊಸ ಕ್ಲೈಂಟನ್ನು ಕೊಡುತ್ತದೆ, ಸಂಪರ್ಕಗಳನ್ನು ನಿಭಾಯಿಸುವ ಒಳಗಿನ ಭಾರವಾದ ಹ್ಯಾಂಡ್ಲರ್‌ಗಳನ್ನು ಹಂಚುತ್ತದೆ, ಬೇರೆ ಸೂಚನೆ ಇಲ್ಲದಿದ್ದರೆ 2 ನಿಮಿಷಕ್ಕೊಮ್ಮೆ ಅವುಗಳನ್ನು ಬದಲಿಸುತ್ತದೆ. ಬಳಸುವವರ ಕೋಡ್‌ಗೆ ಇದಾವುದೂ ಕಾಣುವುದಿಲ್ಲ.

ನಿಮ್ಮ ಜಾಲತಾಣಕ್ಕೆ ಇದನ್ನು ಅನ್ವಯಿಸಿದರೆ, ಗೇಟ್‌ವೇಯೊಡನೆ ಮಾತಾಡುವ ಕ್ಲೈಂಟನ್ನು ಎಲ್ಲರಿಗೂ ಹಂಚಬಹುದು. ಆದರೆ ಗ್ರಾಹಕರ ಮೊತ್ತ, ಆರ್ಡರ್ ಸಂಖ್ಯೆಗಳನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವ ಪಾವತಿ ಆಬ್ಜೆಕ್ಟನ್ನು ಎಂದಿಗೂ ಹಂಚಬಾರದು. ಒಂದೇ ನೋಡ್ ಪ್ರಕ್ರಿಯೆ ಹಲವು ರಿಕ್ವೆಸ್ಟ್‌ಗಳನ್ನು ಹೆಣೆದುಕೊಂಡು ನಡೆಸುತ್ತದೆ. ಒಬ್ಬರ ಪಾವತಿ ಗೇಟ್‌ವೇಯ ಉತ್ತರಕ್ಕಾಗಿ ‘ಅವೇಟ್’ನಲ್ಲಿ ನಿಂತಿರುವಾಗ ಇನ್ನೊಬ್ಬರ ರಿಕ್ವೆಸ್ಟ್ ಬಂದು ಅದೇ ಆಬ್ಜೆಕ್ಟ್‌ನ ಮೊತ್ತವನ್ನು ಬದಲಿಸಿದರೆ, ಮಲ್ಲೇಶ್ವರದವರ ರೇಷ್ಮೆ ಸೀರೆಯ ಬೆಲೆ ಬಸವನಗುಡಿಯವರ ಕಾರ್ಡ್‌ನಿಂದ ಕಡಿತವಾಗಬಹುದು. ಈ ಬಗೆಯ ದೋಷ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಬ್ಬರೇ ಪರೀಕ್ಷಿಸುವಾಗ ಕಾಣಿಸಿಕೊಳ್ಳುವುದೇ ಇಲ್ಲ.

ಇದರ ಜೊತೆಗೆ ಜಾವಾಸ್ಕ್ರಿಪ್ಟ್‌ನಲ್ಲಿ ಇನ್ನೊಂದು ಲಾಭವಿದೆ. ಆಬ್ಜೆಕ್ಟನ್ನು ಹುಟ್ಟಿಸುವ ಕನ್‌ಸ್ಟ್ರಕ್ಟರ್‌ನೊಳಗೆ ‘ಅವೇಟ್’ ಬರೆಯಲು ಭಾಷೆ ಬಿಡುವುದಿಲ್ಲ. ಗೇಟ್‌ವೇಯ ಗುಪ್ತ ಕೀಲಿಯನ್ನು ಬೇರೆಡೆಯಿಂದ ತಂದ ಮೇಲಷ್ಟೇ ಆಬ್ಜೆಕ್ಟ್ ಬಳಕೆಗೆ ಸಿದ್ಧವಾಗುವುದಾದರೆ, ‘ಅಸಿಂಕ್’ (ಉತ್ತರಕ್ಕಾಗಿ ಕಾಯಬಲ್ಲ) ಫ್ಯಾಕ್ಟರಿ ಫಂಕ್ಷನ್ ಅದನ್ನೆಲ್ಲ ಮುಗಿಸಿ ಪೂರ್ಣಗೊಂಡ ಆಬ್ಜೆಕ್ಟನ್ನೇ ಕೈಗಿಡುತ್ತದೆ. ಬ್ರೌಸರ್ ಬದಿಯಲ್ಲೂ ಇದೇ ಉಪಾಯ ಕೆಲಸಕ್ಕೆ ಬರುತ್ತದೆ: ಫ್ಯಾಕ್ಟರಿಯ ಒಳಗೆ ಬೇಕಾದಾಗಷ್ಟೇ ಕೋಡ್ ತರುವ ಡೈನಮಿಕ್ ಇಂಪೋರ್ಟ್ ಬಳಸಿದರೆ, ಕಾರ್ಡ್ ಆರಿಸಿದವರ ಫೋನಿಗೆ ಮಾತ್ರ ಕಾರ್ಡ್‌ನ ಕೋಡ್ ಇಳಿಯುತ್ತದೆ.

‘ಫ್ಯಾಕ್ಟರಿ ಮೆಥಡ್’ ಬೇಕಾಗುವುದು ಸಾಮಾನ್ಯವಾಗಿ ಫ್ರೇಮ್‌ವರ್ಕ್ ಬರೆಯುವವರಿಗೆ. ಪೈಥಾನ್ ಭಾಷೆಯ ಫ್ರೇಮ್‌ವರ್ಕ್ ಆದ ಜಾಂಗೋದ ಫಾರ್ಮ್‌ವ್ಯೂ ಫಾರ್ಮನ್ನು ತೋರಿಸುವ, ಪರಿಶೀಲಿಸುವ ಹಂತಗಳನ್ನೆಲ್ಲ ತಾನೇ ನಡೆಸಿ, ಫಾರ್ಮ್ ಆಬ್ಜೆಕ್ಟನ್ನು ಸೃಷ್ಟಿಸುವ ಗೆಟ್‌ಫಾರ್ಮ್ ಎಂಬ ಮೆಥಡನ್ನು ಮಾತ್ರ ಬೇಕಿದ್ದರೆ ನೀವು ಬದಲಿಸಿಕೊಳ್ಳಿ ಎಂದು ಬಿಟ್ಟಿರುತ್ತದೆ. ನಿಮ್ಮ ಕೆಲಸದಲ್ಲಿ ಸದ್ಯಕ್ಕೆ ಅದರ ಅಗತ್ಯ ಕಾಣುವುದಿಲ್ಲ. ‘ಅಬ್‌ಸ್ಟ್ರಾಕ್ಟ್ ಫ್ಯಾಕ್ಟರಿ’ ಮಾತ್ರ ನಿಮಗೆ ಬೇಗನೆ ಬೇಕಾಗಬಹುದು. ವ್ಯಾಪಾರಿಗಳಲ್ಲಿ ಕೆಲವರು ಒಂದು ಗೇಟ್‌ವೇ, ಕೆಲವರು ಇನ್ನೊಂದು ಬಳಸಲಾರಂಭಿಸಿದಾಗ ಪಾವತಿಯ ಆಬ್ಜೆಕ್ಟ್, ಮರುಪಾವತಿಯ ಆಬ್ಜೆಕ್ಟ್, ವೆಬ್‌ಹುಕ್‌ನ (ಗೇಟ್‌ವೇ ತಾನಾಗಿಯೇ ಕಳುಹಿಸುವ ಸಂದೇಶದ) ಸಹಿಯನ್ನು ಪರಿಶೀಲಿಸುವ ಆಬ್ಜೆಕ್ಟ್ ಮೂರೂ ಒಂದೇ ಗೇಟ್‌ವೇಯ ಕುಟುಂಬದಿಂದಲೇ ಬರಬೇಕು. ಒಂದು ಗೇಟ್‌ವೇಯ ಸಂದೇಶವನ್ನು ಇನ್ನೊಂದರ ಸಹಿ ಪರೀಕ್ಷಕಕ್ಕೆ ಕೊಟ್ಟರೆ ನಿಜವಾದ ಪಾವತಿಯೇ ನಕಲಿಯೆಂದು ತಿರಸ್ಕೃತವಾಗುತ್ತದೆ. ಬಿಡಿಬಿಡಿಯಾಗಿ ಮೂರು ಫ್ಯಾಕ್ಟರಿಗಳನ್ನು ಕರೆಯುವ ಬದಲು, ವ್ಯಾಪಾರಿಗೆ ತಕ್ಕಂತೆ ಒಮ್ಮೆ ಕುಟುಂಬವನ್ನು ಆರಿಸಿ ಅದರಿಂದಲೇ ಮೂರನ್ನೂ ಪಡೆದರೆ ಈ ಬೆರಕೆಗೆ ದಾರಿಯೇ ಇರುವುದಿಲ್ಲ. ಪರೀಕ್ಷಾ ಕೀಲಿಗಳ ಕುಟುಂಬವನ್ನೂ ನಿಜ ಕೀಲಿಗಳ ಕುಟುಂಬವನ್ನೂ ಹೀಗೆಯೇ ಬೇರ್ಪಡಿಸಬಹುದು.

ಎಲ್ಲಿ ಬಿಡಬೇಕೆಂಬುದಕ್ಕೆ ನಿಮ್ಮದೇ ಜಾಲತಾಣದಿಂದ ಉದಾಹರಣೆ ಕೊಡುತ್ತೇನೆ. ಕರ್ನಾಟಕದೊಳಗಿನ ಮಾರಾಟಕ್ಕೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ, ಬೇರೆ ರಾಜ್ಯಕ್ಕೆ ಕಳುಹಿಸಿದರೆ ಐಜಿಎಸ್‌ಟಿ. ಈ ಕವಲು ಬಿಲ್ ಲೆಕ್ಕ ಹಾಕುವ ಒಂದೇ ಜಾಗದಲ್ಲಿದ್ದರೆ ಒಂದು ‘ಇಫ್’ ಸಾಕು. ಸಾಗಣೆ ವೆಚ್ಚವನ್ನು ನೋಡಿ: 560ರಿಂದ ಆರಂಭವಾಗುವ ಬೆಂಗಳೂರಿನ ಪಿನ್‌ಕೋಡ್‌ಗೆ ಒಂದು ದರ, ಉಳಿದ ಕಡೆಗೆ ಇನ್ನೊಂದು. ಇಲ್ಲಿ ಬದಲಾಗುವುದು ಅಂಕಿ ಮಾತ್ರ, ನಡವಳಿಕೆ ಅದೇ. ದರಗಳನ್ನು ಡೇಟಾಬೇಸ್‌ನ ಕೋಷ್ಟಕದಲ್ಲಿಡಿ; ‘ಬೆಂಗಳೂರು ಸಾಗಣೆ’, ‘ಹೊರಊರು ಸಾಗಣೆ’ ಎಂಬ ಕ್ಲಾಸ್‌ಗಳನ್ನು ಹುಟ್ಟಿಸಿ ಅವಕ್ಕೊಂದು ಫ್ಯಾಕ್ಟರಿ ಕಟ್ಟಿದರೆ ಓದುವವರಿಗೆ ಹೊರೆ. ಒಂದೇ ಒಂದು ಕ್ಲಾಸ್ ಇರುವಲ್ಲಿ ‘ಮುಂದೆ ಬೇಕಾದೀತು’ ಎಂದು ಫ್ಯಾಕ್ಟರಿ ಬರೆಯುವುದನ್ನೂ ನಾನು ಒಪ್ಪುವುದಿಲ್ಲ. ಎರಡನೆಯದು ಬಂದ ದಿನ ಬರೆದರೆ ಅದು ಹೇಗಿರಬೇಕೆಂಬುದು ಇನ್ನೂ ಚೆನ್ನಾಗಿ ತಿಳಿದಿರುತ್ತದೆ.

ಸ್ಪ್ರಿಂಗ್ ಅಥವಾ ನೆಸ್ಟ್ ಜೆಎಸ್‌ನಂಥ ಡಿಪೆಂಡೆನ್ಸಿ ಇಂಜೆಕ್ಷನ್ (ಬೇಕಾದ ಆಬ್ಜೆಕ್ಟ್‌ಗಳನ್ನು ಹೊರಗಿನಿಂದ ಒದಗಿಸುವ ವ್ಯವಸ್ಥೆ) ಇರುವ ಫ್ರೇಮ್‌ವರ್ಕ್‌ಗಳಲ್ಲಿ ವಸ್ತುಗಳನ್ನು ಜೋಡಿಸುವ ಕೆಲಸದ ದೊಡ್ಡ ಪಾಲನ್ನು ಫ್ರೇಮ್‌ವರ್ಕ್ ವಹಿಸಿಕೊಳ್ಳುತ್ತದೆ. ಸ್ಪ್ರಿಂಗ್‌ನಲ್ಲಿ ಸ್ಟ್ರಿಂಗ್‌ನಿಂದ ಪಾವತಿಗೆ ಹೋಗುವ ಮ್ಯಾಪ್ ಬೇಕೆಂದು ಕೇಳಿದರೆ ಬೀನ್‌ಗಳ (ತಾನು ನಿಭಾಯಿಸುವ ಆಬ್ಜೆಕ್ಟ್‌ಗಳ) ಹೆಸರನ್ನೇ ಕೀಲಿಯಾಗಿಟ್ಟು ತುಂಬಿಸಿ ಕೊಡುತ್ತದೆ. ಆದರೂ ಗ್ರಾಹಕರು ಗುಂಡಿ ಒತ್ತಿದಾಗ ಆ ಮ್ಯಾಪ್‌ನಿಂದ ಆರಿಸುವ ಚಿಕ್ಕ ಫಂಕ್ಷನ್ ನಿಮ್ಮದಾಗಿಯೇ ಉಳಿಯುತ್ತದೆ. ಅಪ್ಲಿಕೇಶನ್ ಏಳುವ ಹೊತ್ತಿಗೆ ಗೊತ್ತಿರುವ ಆಯ್ಕೆ ಇಂಜೆಕ್ಷನ್‌ಗೆ ಸೇರಿದ್ದು, ರಿಕ್ವೆಸ್ಟ್ ಬಂದಾಗಷ್ಟೇ ಗೊತ್ತಾಗುವ ಆಯ್ಕೆ ಫ್ಯಾಕ್ಟರಿಗೆ ಸೇರಿದ್ದು.

ಕೋಡನ್ನು ಬದಲಿಸುವಾಗ ಮರುಪಾವತಿಯಿಂದ ಆರಂಭಿಸಿ, ಏಕೆಂದರೆ ಒಪ್ಪಂದ ಬಿರುಕು ಬಿಡುವುದು ಅಲ್ಲಿಯೇ. ಈಗಿನ ನಡವಳಿಕೆಯನ್ನು ಹಿಡಿದಿಡುವ ಪರೀಕ್ಷೆಗಳನ್ನು ಮೊದಲು ಬರೆದು, ನಾಲ್ಕು ಕ್ಲಾಸ್‌ಗಳಿಗೆ ಮರುಪಾವತಿಯ ಮೆಥಡ್ ಕೊಟ್ಟು, ಆ ಸ್ವಿಚ್ ಅಳಿಸಿ. ನಂತರ ರಸೀದಿ, ಕೊನೆಗೆ ಹಣ ಪಡೆಯುವ ಭಾಗ. ಫ್ಯಾಕ್ಟರಿಯನ್ನು ಬಳಸುವ ಫಂಕ್ಷನ್‌ಗೆ ಅದನ್ನು ಆರ್ಗ್ಯುಮೆಂಟ್ ಆಗಿ ಕೊಡಿ. ಆಗ ಪರೀಕ್ಷೆಯಲ್ಲಿ ಹುಸಿ ಪಾವತಿಗಳನ್ನು ಕೊಡುವ ಬೇರೊಂದು ಫ್ಯಾಕ್ಟರಿಯನ್ನು ಕೊಡಬಹುದು, ನಿಜವಾದ ಫ್ಯಾಕ್ಟರಿಯೊಳಗೆ ‘ಇದು ಪರೀಕ್ಷೆಯೇ?’ ಎಂದು ಕೇಳುವ ಸಾಲು ನುಸುಳುವುದಿಲ್ಲ. ಮೂರೂ ಸ್ವಿಚ್‌ಗಳು ಹೋದ ಮೇಲೆ ಕೋಡ್ ತಪಾಸಣೆಯ ಸಾಧನವಾದ ಇಎಸ್‌ಲಿಂಟ್‌ನ ನಿರ್ಬಂಧಿತ ಇಂಪೋರ್ಟ್‌ಗಳ ನಿಯಮವನ್ನು ಬಳಸಿ, ಪಾವತಿಯ ಫೋಲ್ಡರ್‌ನಿಂದ ಹೊರಗಿರುವ ಯಾವ ಕಡತವೂ ಆ ನಾಲ್ಕು ಕ್ಲಾಸ್‌ಗಳನ್ನು ನೇರವಾಗಿ ಇಂಪೋರ್ಟ್ ಮಾಡದಂತೆ ತಡೆಯಿರಿ. ತಂಡಕ್ಕೆ ಹೊಸದಾಗಿ ಸೇರಿದವರು ಅವಸರದಲ್ಲಿ ಆ ಕ್ಲಾಸ್‌ಗಳನ್ನು ನೇರವಾಗಿ ಬಳಸುವ ನಾಲ್ಕನೆಯ ಸ್ವಿಚ್ ಬರೆಯಹೊರಟರೆ ಕೋಡ್ ವಿಲೀನವಾಗುವ ಮೊದಲೇ ಅದು ಗೊತ್ತಾಗುತ್ತದೆ.